ಎಣ್ಣೆಕಾಳು ಬೆಳೆಗಳ ಕಾಂಡಕೊಳೆ ರೋಗವೂ ಆನುವಂಶಿಕ ನಿರೋಧಶಕ್ತಿಯೂ

೧

ನೆಲಗಡಲೆ, ಸಾಸಿವೆ, ಎಳ್ಳು, ಕುಸುಬೆ, ಅಗಸೆ, ಸೂರ್ಯಕಾಂತಿ, ಹುಚ್ಚೆಳ್ಳು, ಔಡಲ, ಸೋಯಾ ಅವರೆ — ಈ ಒಂಬತ್ತೂ ಭಾರತದ ಮುಖ್ಯ ಎಣ್ಣೆಕಾಳು ಬೆಳೆಗಳು. ಇವುಗಳ ಪೈಕಿ ಕರ್ನಾಟಕದ ಬಯಲುಸೀಮೆಯ ಬಾಳಿನೊಡನೆ ನಿಕಟವಾಗಿ ಹೆಣೆದುಕೊಂಡಿರುವುದು ನೆಲಗಡಲೆ. ಧಾರವಾಡ ರಾಯಚೂರುಗಳ ಕಡೆ ಶೇಂಗಾ ಎಂದೂ ಮೈಸೂರು ತುಮಕೂರುಗಳ ಕಡೆ ಕಡಲೆಕಾಯಿ ಎಂದೂ ಹೆಸರುಪಡೆದಿರುವ ಈ ಬೆಳೆಯೇ ಪಾವಗಡ, ಚಳ್ಳಕೆರೆಗಳಂತಹ ಮಳೆ ಕಡಮೆಯ ಪ್ರದೇಶಗಳ ರೈತನಿಗೆ ರೊಕ್ಕದ ಆಸರೆ. ಇತ್ತೀಚಿನ ವರ್ಷಗಳಲ್ಲಿ ಭಾರತವು ತಾನು ಬಳಸುವ ಅಡಿಗೆಯೆಣ್ಣೆಯ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತಿದೆ. ಹೀಗಿರುವಲ್ಲಿ, ಬೆಳೆದು ನಿಂತ ಗಿಡವು ಕೊಯಿಲಿಗೆ ಮುನ್ನವೇ ಬುಡ ಕೊಳೆತು ಒರಗಿದರೆ ಅದು ಒಬ್ಬ ರೈತನ ನಷ್ಟವಾಗಿ ಮಾತ್ರ ಉಳಿಯುವುದಿಲ್ಲ.

ನೆಲಗಡಲೆಯ ಕಾಂಡಕೊಳೆ ರೋಗವು ತೋರಿಕೊಳ್ಳುವ ಬಗೆ ಹೀಗೆ: ಗಿಡ ಹೂಬಿಟ್ಟು ಕಾಯಿಕಟ್ಟುವ ಹೊತ್ತಿಗೆ, ಹಸುರಾಗಿದ್ದ ಒಂದು ಕೊಂಬೆ ಇದ್ದಕ್ಕಿದ್ದಂತೆ ಹಳದಿಗೆ ತಿರುಗಿ ಬಾಡುತ್ತದೆ. ಎಲೆಗಳನ್ನು ಸರಿಸಿ ಬುಡವನ್ನು ನೋಡಿದರೆ, ಕಾಂಡವು ಮಣ್ಣನ್ನು ಸೇರುವ ಎಡೆಯಲ್ಲಿ ಹತ್ತಿಯ ಎಳೆಯಂಥ ಬಿಳಿಯ ಬೂಷ್ಟು ಬೀಸಣಿಗೆಯ ಆಕಾರದಲ್ಲಿ ಹರಡಿರುತ್ತದೆ. ಕೆಲವು ದಿನಗಳಲ್ಲಿ ಆ ಎಳೆಗಳ ನಡುವೆ ಸಾಸಿವೆಯ ಕಾಳನ್ನು ಹೋಲುವ ಗಟ್ಟಿಯಾದ ಗುಂಡುಗಳು ಮೂಡುತ್ತವೆ. ಮೊದಲು ಬಿಳಿ, ಬಳಿಕ ಕಂದು. ಒಂದು ಕೊಂಬೆಯಿಂದ ಮೊದಲಾದ ಕೊಳೆ ಇಡೀ ಗಿಡಕ್ಕೂ, ಗಿಡದಿಂದ ಸಾಲಿನ ನೆರೆಗಿಡಕ್ಕೂ ವ್ಯಾಪಿಸುತ್ತದೆ. ಕೀಳುವ ಕಾಲದಲ್ಲಿ ಕೊಳೆತ ಕಾಯಿಗಳು ತೊಟ್ಟು ಕಳಚಿ ಮಣ್ಣಿನಲ್ಲೇ ಉಳಿದುಬಿಡುತ್ತವೆ.

ನೆಲಗಡಲೆಯ ತುಕ್ಕುರೋಗವನ್ನೂ ಎಲೆಚುಕ್ಕೆ ರೋಗವನ್ನೂ ಬಲವಾಗಿ ತಡೆಯುವ ತಳಿಗಳನ್ನು ವಿಜ್ಞಾನಿಗಳು ರೂಪಿಸಿದ್ದಾರೆ. ಕಾಂಡಕೊಳೆಯ ವಿಷಯದಲ್ಲಾದರೋ ‘ಕಡಮೆ ತುತ್ತಾಗುವ ತಳಿ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ‘ತುತ್ತಾಗದ ತಳಿ’ ಎಂದು ಯಾರೂ ಹೇಳುವುದಿಲ್ಲ. ಈ ಅಂತರಕ್ಕೆ ಕಾರಣವೇನು? ಅದು ಪ್ರಯತ್ನದ ಕೊರತೆಯಲ್ಲ. ಶತ್ರುವಿನ ಜೀವನಕ್ರಮದಲ್ಲೇ ಅದರ ಕಾರಣವಿದೆ.

೨

ಈ ಶಿಲೀಂಧ್ರವನ್ನು ೧೮೯೨ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಪೀಟರ್ ಹೆನ್ರಿ ರಾಲ್ಫ್ಸ್ ಎಂಬ ವಿಜ್ಞಾನಿ ಟೊಮೇಟೊ ಗಿಡಗಳ ಮೇಲೆ ಗುರುತಿಸಿದನು. ಇಟಲಿಯ ಸಕಾರ್ಡೋ ಎಂಬ ಶಿಲೀಂಧ್ರಶಾಸ್ತ್ರಜ್ಞನು ೧೯೧೧ರಲ್ಲಿ ಅದಕ್ಕೆ ಆತನ ಹೆಸರಿನಿಂದಲೇ ಸ್ಕ್ಲೆರೋಶಿಯಂ ರಾಲ್ಫ್ಸಿಯೈ ಎಂದು ನಾಮಕರಣ ಮಾಡಿದನು. ಅದು ದಾಳಿಮಾಡುವ ಸಸ್ಯಜಾತಿಗಳ ಸಂಖ್ಯೆ ೫೦೦ನ್ನು ಮೀರುತ್ತದೆ. ನೆಲಗಡಲೆಯ ಹೊಲದಲ್ಲಿ ಎಳೆಯ ಸಸಿಗಳ ಕತ್ತನ್ನು ಕಪ್ಪಾಗಿಸಿ ಕೊಲ್ಲುವ ಮತ್ತೊಂದು ಕೊಳೆರೋಗವಿದ್ದು, ಅದಕ್ಕೆ ಕಾರಣವಾದ ಶಿಲೀಂಧ್ರವೇ ಬೇರೆ. ಎರಡನ್ನೂ ಒಂದೆಂದು ಭಾವಿಸತಕ್ಕದ್ದಲ್ಲ.

ಇದು ಸಾಮಾನ್ಯವಾಗಿ ಗಾಳಿಯಲ್ಲಿ ತೇಲುವ ಬೀಜಕಣಗಳಿಂದ ಹರಡುವುದಿಲ್ಲ. ಇದರ ಬಂಡವಾಳವೆಲ್ಲ ಆ ಸಾಸಿವೆ ಗಾತ್ರದ ಗುಂಡುಗಳಲ್ಲಿದೆ. ಗಟ್ಟಿ ಸಿಪ್ಪೆಯೊಳಗೆ ಆಹಾರವನ್ನು ಕೂಡಿಟ್ಟುಕೊಂಡು ಅವು ಮಣ್ಣಿನ ಮೇಲ್ಪದರದಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರಬಲ್ಲವು. ಮಣ್ಣು ಚೆನ್ನಾಗಿ ಒಣಗಿ ಮತ್ತೆ ಮಳೆ ಬಿದ್ದು, ಹವೆ ಬೆಚ್ಚಗಿದ್ದು, ಉದುರಿದ ಎಲೆಗಳು ಕೊಳೆಯತೊಡಗಿದರೆ ಅವು ಮೊಳೆಯುತ್ತವೆ. ಬಿದ್ದ ಎಲೆಯನ್ನು ಮೊದಲು ತಿಂದು ಬಲಗೊಂಡ ಎಳೆಗಳು ಅದನ್ನೇ ಮೆಟ್ಟಿಲು ಮಾಡಿಕೊಂಡು ಜೀವಂತ ಕಾಂಡಕ್ಕೆ ಏರುತ್ತವೆ.

ನೆಲಗಡಲೆಯ ಸ್ವಭಾವವೂ ಶತ್ರುವಿಗೆ ಅನುಕೂಲವಾಗಿದೆ. ಹೂವು ಫಲಿತವಾದ ಬಳಿಕ ಅದರ ಬುಡದಿಂದ ಮೊಳೆಯಂಥ ಕಡ್ಡಿಯೊಂದು ಹೊರಟು, ಕೆಳಕ್ಕೆ ಬಾಗಿ, ಮಣ್ಣನ್ನು ಹೊಕ್ಕು, ಅಲ್ಲಿ ಕಾಯಿಯಾಗುತ್ತದೆ. ಗಿಡವು ತನ್ನ ಫಲವನ್ನು ಒಪ್ಪಿಸುವ ಆ ಎರಡು ಅಂಗುಲದ ಮಣ್ಣೇ ಶಿಲೀಂಧ್ರದ ನೆಲೆಯೂ ಆಗಿದೆ. ಅಲ್ಲಿಂದ ದೂರ ಸರಿದು ನಿಲ್ಲುವ ಉಪಾಯ ಈ ಗಿಡಕ್ಕಿಲ್ಲ.

ದಾಳಿಯ ರಾಸಾಯನಿಕ ಕ್ರಮವನ್ನು ಬೇಟ್‌ಮನ್ ಮತ್ತು ಬಿಯರ್ ಎಂಬ ವಿಜ್ಞಾನಿಗಳು ೧೯೬೫ರಲ್ಲಿ ವಿಶದಪಡಿಸಿದರು. ಸಸ್ಯದ ಜೀವಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಗಾರೆಯೆಂದರೆ ಪೆಕ್ಟಿನ್ ಎಂಬ ವಸ್ತು. ಅದಕ್ಕೆ ಗಟ್ಟಿತನ ಕೊಡುವುದು ಸುಣ್ಣದಲ್ಲಿರುವ ಕ್ಯಾಲ್ಸಿಯಂ ಧಾತು. ಶಿಲೀಂಧ್ರವು ಆಕ್ಸಾಲಿಕ್ ಆಮ್ಲವನ್ನು ಸುರಿಸುತ್ತದೆ. ಆಮ್ಲವು ಕ್ಯಾಲ್ಸಿಯಮ್ಮನ್ನು ಸೆಳೆದುಕೊಳ್ಳುವುದರಿಂದ ಗಾರೆ ಸಡಿಲವಾಗುತ್ತದೆ. ಅದೇ ಆಮ್ಲವು ಆ ಎಡೆಯನ್ನು ಹುಳಿಯಾಗಿಸಿ, ಪೆಕ್ಟಿನ್ನನ್ನು ಕತ್ತರಿಸುವ ಶಿಲೀಂಧ್ರದ ಕಿಣ್ವಕ್ಕೆ ಬೇಕಾದ ವಾತಾವರಣವನ್ನೂ ಸಿದ್ಧಗೊಳಿಸುತ್ತದೆ. ಆಮ್ಲವೂ ಕಿಣ್ವವೂ ಬೇರೆಬೇರೆಯಾಗಿ ಮಾಡಲಾಗದ ಹಾನಿಯನ್ನು ಎರಡೂ ಕೂಡಿ ಮಾಡುತ್ತವೆ. ಜೀವಕಣ ಸಾಯುತ್ತದೆ; ಸತ್ತುದನ್ನು ಶಿಲೀಂಧ್ರ ಉಣ್ಣುತ್ತದೆ. ಮೊದಲು ಕೊಂದು ಆಮೇಲೆ ತಿನ್ನುವ ಈ ಕ್ರಮವೇ ಮುಂದಿನ ವಿಚಾರಕ್ಕೆಲ್ಲ ಕೀಲಿಕೈ.

೩

ಸಸ್ಯದ ನಿರೋಧಶಕ್ತಿಯನ್ನು ಕುರಿತ ಆಧುನಿಕ ಶಾಸ್ತ್ರದ ಅಡಿಗಲ್ಲು ಒಂದು ಎಣ್ಣೆಕಾಳಿನ ಹೊಲದಲ್ಲೇ ನೆಟ್ಟದ್ದು ಸ್ವಾರಸ್ಯದ ಸಂಗತಿ. ಅಮೆರಿಕದ ನಾರ್ತ್ ಡಕೋಟಾದಲ್ಲಿ ಹೆರಲ್ಡ್ ಹೆನ್ರಿ ಫ್ಲಾರ್ ಎಂಬಾತನು ೧೯೪೦ರ ದಶಕದಲ್ಲಿ ಅಗಸೆಯ ತುಕ್ಕುರೋಗವನ್ನು ಅಭ್ಯಸಿಸಿದನು. ಅಗಸೆಯ ತಳಿಗಳನ್ನು ಸಂಕರಗೊಳಿಸಿದಂತೆಯೇ ತುಕ್ಕಿನ ಶಿಲೀಂಧ್ರದ ಬಗೆಗಳನ್ನೂ ಸಂಕರಗೊಳಿಸಿ, ಎರಡೂ ಪಕ್ಷಗಳ ವಂಶವಾಹಿಗಳನ್ನು ಒಟ್ಟಿಗೆ ಲೆಕ್ಕ ಹಾಕಿದುದು ಆತನ ವೈಶಿಷ್ಟ್ಯ. ಗಿಡದಲ್ಲಿರುವ ಒಂದೊಂದು ನಿರೋಧಕ ವಂಶವಾಹಿಗೂ ಶಿಲೀಂಧ್ರದಲ್ಲಿ ಅದಕ್ಕೆ ಸರಿಹೊಂದುವ ಒಂದೊಂದು ವಂಶವಾಹಿ ಇದೆಯೆಂದು ಆತನು ನಿರ್ಣಯಿಸಿದನು. ಗಿಡದ ವಂಶವಾಹಿಯು ಕಾವಲುಗಾರನಂತೆ. ಶತ್ರುವಿನ ಒಂದು ನಿರ್ದಿಷ್ಟ ಗುರುತನ್ನು ಅದು ಬಲ್ಲುದು. ಆ ಗುರುತು ಕಂಡೊಡನೆ ದಾಳಿಗೊಳಗಾದ ಜೀವಕಣವು ತಾನೇ ಸತ್ತು, ಸುತ್ತಲೂ ಸತ್ತ ಗೋಡೆಯೊಂದನ್ನು ಕಟ್ಟುತ್ತದೆ. ತುಕ್ಕಿನ ಶಿಲೀಂಧ್ರವು ಜೀವಂತ ಕಣದಿಂದ ಮಾತ್ರ ಉಣ್ಣಬಲ್ಲುದಾದ್ದರಿಂದ ಆ ಗೋಡೆಯ ನಡುವೆ ಹಸಿದು ಅಳಿಯುತ್ತದೆ. ೧೯೯೫ರಲ್ಲಿ ಅಗಸೆಯ ಅಂತಹ ಒಂದು ವಂಶವಾಹಿಯನ್ನು ಆಸ್ಟ್ರೇಲಿಯದ ವಿಜ್ಞಾನಿಗಳು ಪ್ರತ್ಯೇಕಿಸಿ ಓದಿದರು.

ಒಂದೇ ವಂಶವಾಹಿಯಿಂದ ಬರುವ ಈ ಬಗೆಯ ರಕ್ಷಣೆಯಲ್ಲಿ ದೊಡ್ಡ ಗುಣವೂ ಉಂಟು, ದೊಡ್ಡ ದೋಷವೂ ಉಂಟು. ಗುಣವೆಂದರೆ ಅದು ಪೂರ್ಣವಾದದ್ದು ಮತ್ತು ತಳಿಯಿಂದ ತಳಿಗೆ ಸುಲಭವಾಗಿ ಸಾಗಿಸತಕ್ಕದ್ದು. ದೋಷವೆಂದರೆ ಶತ್ರು ತನ್ನ ಗುರುತನ್ನು ಮಾರ್ಪಡಿಸಿಕೊಂಡರೆ ಕಾವಲುಗಾರ ಕುರುಡನಾಗುತ್ತಾನೆ. ಇದಕ್ಕೆ ಆಸ್ಟ್ರೇಲಿಯದಲ್ಲಿ ನಡೆದ ಘಟನೆಯೇ ನಿದರ್ಶನ. ಅಲ್ಲಿ ಎಣ್ಣೆಗಾಗಿ ಬೆಳೆಯುವ, ಸಾಸಿವೆಯ ನೆಂಟನಾದ ಕೆನೋಲಾ ಬೆಳೆಗೆ ಕಾಂಡವನ್ನು ಕಪ್ಪಾಗಿಸಿ ಮುರಿಯುವ ಶಿಲೀಂಧ್ರರೋಗವೊಂದಿದೆ. ಅದು ಎಲೆಯಲ್ಲಿ ಜೀವಂತ ಕಣಗಳ ನಡುವೆ ಗುಟ್ಟಾಗಿ ನೆಲಸಿ, ಬಳಿಕ ಕಾಂಡಕ್ಕಿಳಿದು ಕೊಳೆ ಹುಟ್ಟಿಸುವ ರೋಗ. ಗುಟ್ಟಾಗಿ ನೆಲಸುವ ಮೊದಲ ಹಂತದಲ್ಲಿ ಕಾವಲುಗಾರನ ವಂಶವಾಹಿ ಅದನ್ನು ಹಿಡಿಯಬಲ್ಲುದು. ಕಾಡುಬಗೆಯ ಸಸ್ಯವೊಂದರಿಂದ ಅಂತಹ ನಿರೋಧವನ್ನು ಪಡೆದ ಸರ್ಪಾಸ್ ೪೦೦ ಎಂಬ ತಳಿ ೨೦೦೦ದಲ್ಲಿ ರೈತರ ಕೈಸೇರಿತು. ೨೦೦೩ರ ವೇಳೆಗೆ ದಕ್ಷಿಣ ಆಸ್ಟ್ರೇಲಿಯದ ಏರ್ ಪರ್ಯಾಯದ್ವೀಪದಲ್ಲಿ ಆ ನಿರೋಧ ಮುರಿದುಬಿದ್ದಿತು. ಕೆಲವು ಹೊಲಗಳಲ್ಲಿ ಬೆಳೆಯ ನಷ್ಟ ಶೇಕಡ ೯೦ರವರೆಗೂ ಮುಟ್ಟಿತು. ಒಂದೇ ತಳಿಯನ್ನು ವಿಸ್ತಾರವಾಗಿ ಬಿತ್ತಿದಲ್ಲಿ, ಗುರುತು ಬದಲಿಸಿದ ಶಿಲೀಂಧ್ರಕ್ಕೆ ಎಲ್ಲೆಲ್ಲೂ ತೆರೆದ ಬಾಗಿಲೇ ಆಯಿತು.

೪

ಕಾಂಡಕೊಳೆಯ ಸ್ಕ್ಲೆರೋಶಿಯಂ ಶಿಲೀಂಧ್ರದ ಮುಂದೆ ಈ ಕಾವಲುಗಾರನ ಉಪಾಯ ಫಲಿಸುವುದಿಲ್ಲ. ಎಷ್ಟೋ ವೇಳೆ ಅದು ತಿರುಗುಬಾಣವಾಗುತ್ತದೆ. ಸತ್ತ ಕಣವೇ ಯಾರ ಆಹಾರವೋ ಅವನನ್ನು ಕಣಗಳ ಆತ್ಮಾಹುತಿಯಿಂದ ಉಪವಾಸ ಕೆಡಹುವುದು ಹೇಗೆ? ಸಾಸಿವೆ, ಸೂರ್ಯಕಾಂತಿ, ಸೋಯಾ ಅವರೆಗಳ ಕಾಂಡವನ್ನು ಕೊಳೆಯಿಸುವ ಸ್ಕ್ಲೆರೋಟಿನಿಯಾ ಎಂಬ ಇನ್ನೊಂದು ಶಿಲೀಂಧ್ರವೂ ಇದೇ ಆಕ್ಸಾಲಿಕ್ ಆಮ್ಲವನ್ನು ಬಳಸುತ್ತದೆ. ಅದರ ಮೇಲೆ ನಡೆದ ಸಂಶೋಧನೆಗಳು ಆಮ್ಲದ ಕುಟಿಲತೆಯನ್ನು ತೋರಿಸಿಕೊಟ್ಟಿವೆ: ಆರಂಭದಲ್ಲಿ ಅದು ಗಿಡದ ಎಚ್ಚರಿಕೆಯ ಪ್ರತಿಕ್ರಿಯೆಯನ್ನು ಅಡಗಿಸುತ್ತದೆ, ತಾನು ನೆಲೆಯೂರಿದ ಬಳಿಕ ಜೀವಕಣಗಳು ತಾವಾಗಿ ಸಾಯುವಂತೆ ಪ್ರೇರಿಸುತ್ತದೆ.

ಇನ್ನೊಂದು ಕಾರಣವೂ ಉಂಟು. ಅಗಸೆಯ ತುಕ್ಕು ಅಗಸೆಯನ್ನೇ ನೆಚ್ಚಿ ಬಾಳುವ ರೋಗ. ಅವೆರಡೂ ಯುಗಯುಗಗಳಿಂದ ಬೀಗಕ್ಕೆ ಕೀಲಿ, ಕೀಲಿಗೆ ಬೀಗ ಎಂಬಂತೆ ಒಂದನ್ನೊಂದು ತಿದ್ದಿಕೊಂಡು ಬಂದಿವೆ. ಐನೂರು ಬಗೆಯ ಸಸ್ಯಗಳನ್ನು ಉಣ್ಣುವ ಶಿಲೀಂಧ್ರ ಯಾವ ಬೀಗಕ್ಕೂ ಕೀಲಿ ಮಾಡಿಕೊಳ್ಳುವುದಿಲ್ಲ, ಬಾಗಿಲನ್ನೇ ಕರಗಿಸುತ್ತದೆ. ಅಂತಹವನ ಎದುರು ಉಳಿಯುವ ದಾರಿಯೆಂದರೆ ಬಾಗಿಲಿನ ಮರವನ್ನೇ ಗಟ್ಟಿಮಾಡುವುದು: ಬುಡದ ಸಿಪ್ಪೆ ದಪ್ಪವಾಗಿರುವುದು, ಕಾಂಡದ ನಾರು ಬಲವಾಗಿರುವುದು, ಗಾಯದ ಸುತ್ತ ಬೆಂಡಿನ ಪದರ ಬೇಗ ಕಟ್ಟುವುದು, ಆಮ್ಲವನ್ನು ತಾಳಿಕೊಳ್ಳುವುದು, ಶಿಲೀಂಧ್ರನಾಶಕ ರಸಗಳು ಹೆಚ್ಚಾಗಿ ಒಸರುವುದು. ಈ ಗುಣಗಳಲ್ಲಿ ಯಾವುದೂ ಒಂಟಿಯಾಗಿ ಗಿಡವನ್ನು ಉಳಿಸದು. ಒಂದೊಂದರ ಹಿಂದೆಯೂ ಹಲವು ವಂಶವಾಹಿಗಳಿವೆ. ಒಂದೊಂದು ವಂಶವಾಹಿಯ ಕಾಣಿಕೆಯೂ ಅಲ್ಪ. ಹನಿಗೂಡಿ ಹಳ್ಳವೆಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಹನಿಗಳನ್ನು ಕೂಡಿಸುವುದರ ಕಷ್ಟವನ್ನು ಸರಳ ಗಣಿತದಿಂದ ಅರಿಯಬಹುದು. ಬಲವಾದ ತಳಿಗೂ ದುರ್ಬಲ ತಳಿಗೂ ಸಂಕರ ಮಾಡಿ, ಅವುಗಳ ಸಂತಾನವನ್ನು ಹಲವು ಪೀಳಿಗೆ ಸ್ವಕೀಯ ಪರಾಗದಿಂದಲೇ ಬೆಳೆಸಿ ಸ್ಥಿರಗೊಳಿಸಿದರೆಂದು ಭಾವಿಸೋಣ. ನಿರೋಧವು ಒಂದೇ ವಂಶವಾಹಿಯದಾದರೆ ಇಬ್ಬರಲ್ಲಿ ಒಬ್ಬ ಸಂತಾನಕ್ಕೆ ಅದು ದೊರೆಯುತ್ತದೆ. ಬಿಡಿಬಿಡಿಯಾಗಿ ಸಾಗುವ ಆರು ವಂಶವಾಹಿಗಳದಾದರೆ ಆರೂ ಕೂಡಿಬರುವ ಸಂತಾನ ೬೪ರಲ್ಲಿ ಒಂದು. ಹತ್ತು ವಂಶವಾಹಿಗಳದಾದರೆ ೧,೦೨೪ರಲ್ಲಿ ಒಂದು. ಆ ಒಂದು ಗಿಡದಲ್ಲಿ ಕಾಯಿಯ ಇಳುವರಿ, ಎಣ್ಣೆಯ ಅಂಶ, ಬರ ಸಹಿಸುವ ಗುಣ, ಬೇಗ ಮಾಗುವ ಗುಣ ಇವೆಲ್ಲವೂ ಇರಬೇಕಷ್ಟೆ! ರೋಗವನ್ನು ತಡೆದು ಕಾಯಿಯನ್ನೇ ಕೊಡದ ಗಿಡ ರೈತನಿಗೆ ಬೇಡ.

ಗಿಡಗಳನ್ನು ಪರೀಕ್ಷಿಸಿ ಆಯುವುದಂತೂ ಇನ್ನೂ ತೊಡಕಿನ ಕೆಲಸ. ಶಿಲೀಂಧ್ರದ ಗುಂಡುಗಳು ಹೊಲದಲ್ಲಿ ಒಂದೇ ಸಮನಾಗಿ ಹರಡಿರುವುದಿಲ್ಲ; ಇಲ್ಲೊಂದು ಮಡು, ಅಲ್ಲೊಂದು ಮಡುವೆಂಬಂತೆ ಇರುತ್ತವೆ. ಆದುದರಿಂದ ಉಳಿದುಕೊಂಡ ಗಿಡವೆಲ್ಲ ಬಲಿಷ್ಠವೆನ್ನುವಂತಿಲ್ಲ. ಶತ್ರು ಅದರ ಬಳಿಗೆ ಬಾರದೆಯೇ ಇದ್ದಿರಬಹುದು. ಈ ಕಾರಣದಿಂದ ಜೋಳದ ಕಾಳುಗಳ ಮೇಲೆ ಶಿಲೀಂಧ್ರವನ್ನು ಬೆಳೆಸಿ, ಆ ಕಾಳನ್ನು ಪ್ರತಿಯೊಂದು ಗಿಡದ ಬುಡಕ್ಕೂ ಅಳತೆಯಲ್ಲಿ ಹಾಕಿ ಪರೀಕ್ಷಿಸುವ ಪದ್ಧತಿ ಬಂದಿದೆ. ಅಲ್ಲಿಯೂ ಎಚ್ಚರಿಕೆ ಅಗತ್ಯ. ನೆಟ್ಟಗೆ ನಿಲ್ಲುವ, ಎಲೆ ವಿರಳವಾಗಿರುವ ಗಿಡದ ಬುಡಕ್ಕೆ ಬಿಸಿಲೂ ಗಾಳಿಯೂ ಆಡುವುದರಿಂದ ಅಲ್ಲಿ ತೇವ ನಿಲ್ಲದೆ ರೋಗ ಕಡಮೆಯಾಗುತ್ತದೆ. ಇದು ನಿರೋಧವಲ್ಲ, ತಪ್ಪಿಸಿಕೊಳ್ಳುವಿಕೆ. ಹೊಲದಲ್ಲಿ ಗೆದ್ದ ತಳಿ ಕುಂಡದ ಪರೀಕ್ಷೆಯಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ. ರೈತನ ದೃಷ್ಟಿಯಿಂದ ತಪ್ಪಿಸಿಕೊಳ್ಳುವಿಕೆಗೂ ಬೆಲೆಯುಂಟು. ಆದರೆ ಮೋಡ ಕವಿದು ಮಳೆ ಹಿಡಿದ ವರ್ಷ ಆ ಬೆಲೆ ಇಳಿದುಹೋಗುತ್ತದೆ.

ಇಷ್ಟೆಲ್ಲ ತೊಡಕುಗಳ ನಡುವೆಯೂ ಫಲ ದೊರೆಯದೆ ಇಲ್ಲ. ೧೯೮೦ರ ದಶಕದಲ್ಲಿ ಫ್ಲಾರಿಡಾದಲ್ಲಿ ಹೊರಬಂದ ಸದರ್ನ್ ರನ್ನರ್ ಎಂಬ ನೆಲಗಡಲೆ ಎಲೆಚುಕ್ಕೆಯ ಜೊತೆಗೆ ಕಾಂಡಕೊಳೆಯನ್ನೂ ಮಧ್ಯಮ ಪ್ರಮಾಣದಲ್ಲಿ ತಡೆದುಕೊಂಡಿತು. ಚೀನದಲ್ಲಿ ಝೋಂಗ್‌ಯೂ ೮೨೧ ಎಂಬ ಎಣ್ಣೆಸಾಸಿವೆಯ ತಳಿ ಸ್ಕ್ಲೆರೋಟಿನಿಯಾ ಕೊಳೆಯ ವಿರುದ್ಧ ಭಾಗಶಃ ನಿರೋಧಕ್ಕೆ ಹೆಸರಾಯಿತು. ‘ಮಧ್ಯಮ’, ‘ಭಾಗಶಃ’ ಎಂಬ ಈ ವಿಶೇಷಣಗಳನ್ನು ಕೊರತೆಯೆಂದು ಮಾತ್ರ ಬಗೆಯತಕ್ಕದ್ದಲ್ಲ. ಹಲವು ಸಣ್ಣ ಗುಣಗಳಿಂದ ಕಟ್ಟಿದ ರಕ್ಷಣೆಯನ್ನು ಶತ್ರುವು ಒಂದೇ ಪೆಟ್ಟಿಗೆ, ಆಸ್ಟ್ರೇಲಿಯದಲ್ಲಿ ಆದಂತೆ, ಮುರಿಯುವುದು ಕಷ್ಟ.

೫

ಹನಿಗಳನ್ನು ಎಲ್ಲಿಂದ ತರುವುದು? ನೆಲಗಡಲೆಯ ವಿಷಯದಲ್ಲಿ ಈ ಪ್ರಶ್ನೆ ಕಠಿನವಾದುದು. ದಕ್ಷಿಣ ಅಮೆರಿಕದಲ್ಲಿ, ಈಗಿನ ಬೊಲಿವಿಯ ಮತ್ತು ಅರ್ಜೆಂಟೀನಗಳ ಎಡೆಯಲ್ಲಿ, ಎರಡು ಕಾಡುಜಾತಿಗಳ ಸಂಕರದಿಂದ ಅದು ಹುಟ್ಟಿತು. ತಲಾ ೨೦ ವರ್ಣತಂತುಗಳುಳ್ಳ ತಾಯಿತಂದೆಗಳಿಂದ ೪೦ ವರ್ಣತಂತುಗಳ ಮಗು. ವರ್ಣತಂತುಗಳ ಸಂಖ್ಯೆ ಬೇರೆಯಾದುದರಿಂದ ಕಾಡಿನ ಬಂಧುಗಳೊಡನೆ ಅದರ ಕೊಳುಕೊಡೆ ಕಡಿದುಹೋಯಿತು. ಜಗತ್ತಿನ ನೆಲಗಡಲೆಯೆಲ್ಲ ಅಂತಹ ಅತ್ಯಲ್ಪ ಸಂಖ್ಯೆಯ ಪೂರ್ವಜರ ಸಂತತಿಯಾದುದರಿಂದ, ಬಣ್ಣ ಗಾತ್ರಗಳಲ್ಲಿ ವೈವಿಧ್ಯ ತೋರಿದರೂ ವಂಶದ ಬಂಡವಾಳ ಕಿರಿದು. ೨೦೧೬ರಲ್ಲಿ ಎರಡೂ ಕಾಡುಪೂರ್ವಜರ ವಂಶಲಿಪಿಯನ್ನು ಓದಲಾಯಿತು. ಅವುಗಳಲ್ಲೊಂದಾದ ಅರಾಕಿಸ್ ಇಪಾಯೆನ್ಸಿಸ್, ೧೯೭೭ರಲ್ಲಿ ಬೊಲಿವಿಯದ ದಕ್ಷಿಣದ ಒಂದೇ ನೆಲೆಯಿಂದ ಸಂಗ್ರಹಿಸಿದ ಬೀಜದಿಂದ ವಿಜ್ಞಾನಕ್ಕೆ ತಿಳಿದಿರುವ ಸಸ್ಯ. ಜಗತ್ತಿನ ಇಷ್ಟು ದೊಡ್ಡ ಬೆಳೆಯ ಅರ್ಧ ವಂಶಕ್ಕೆ ಮೂಲವಾದ ಜಾತಿ ಇಷ್ಟು ಸಣ್ಣ ಎಳೆಯ ಮೇಲೆ ಉಳಿದು ಬಂದಿದೆ.

ಕಡಿದ ಬಂಧುತ್ವವನ್ನು ಮತ್ತೆ ಕೂಡಿಸುವ ಯತ್ನ ಸಫಲವಾದುದಕ್ಕೆ ಅರಾಕಿಸ್ ಕಾರ್ಡೆನಾಸಿಯೈ ಎಂಬ ಮತ್ತೊಂದು ಕಾಡುಜಾತಿಯ ಚರಿತ್ರೆಯೇ ಸಾಕ್ಷಿ. ೧೯೬೦ರ ದಶಕದಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಸ್ಮಾರ್ಟ್ ಮತ್ತು ಗ್ರೆಗರಿ ಎಂಬ ವಿಜ್ಞಾನಿಗಳು ಅದನ್ನು ನೆಲಗಡಲೆಯೊಡನೆ ಸಂಕರಗೊಳಿಸಿದರು. ೪೦ ಮತ್ತು ೨೦ ವರ್ಣತಂತುಗಳವರ ಮಗುವಿಗೆ ೩೦ ದೊರೆತು ಅದು ಬಂಜೆಯಾಯಿತು. ಔಷಧಿಯಿಂದ ವರ್ಣತಂತುಗಳನ್ನು ಇಮ್ಮಡಿಗೊಳಿಸಿ ೬೦ ಮಾಡಿದಾಗ ಫಲವತ್ತಾಯಿತು. ಮುಂದಿನ ಪೀಳಿಗೆಗಳಲ್ಲಿ ಹೆಚ್ಚಿನವು ಉದುರಿ, ಕಾಡಿನ ಕೆಲವು ತುಣುಕುಗಳನ್ನು ಉಳಿಸಿಕೊಂಡು, ೪೦ಕ್ಕೆ ಮರಳಿತು. ಆ ತುಣುಕುಗಳು ದೇಶದೇಶಗಳ ತಳಿಗಳಲ್ಲಿ ಹರಡಿರುವುದನ್ನು ೨೦೨೧ರಲ್ಲಿ ಪ್ರಕಟವಾದ ಅಧ್ಯಯನವೊಂದು ಗುರುತಿಸಿದೆ. ೧೯೭೨ರಲ್ಲಿ ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನ ಸಂಸ್ಥೆ ಇಕ್ರಿಸ್ಯಾಟ್ ಈ ಹರಡುವಿಕೆಯ ಮುಖ್ಯ ನಿಲ್ದಾಣ. ಅಲ್ಲಿಂದ ಬಂದ ಸಾಲೊಂದನ್ನು ಬಳಸಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಜಿಪಿಬಿಡಿ ೪ ಎಂಬ ತಳಿಯನ್ನು ರೂಪಿಸಿದರು. ಅದು ತುಕ್ಕನ್ನೂ ಎಲೆಚುಕ್ಕೆಯನ್ನೂ ಸಮರ್ಥವಾಗಿ ತಡೆಯುತ್ತದೆ. ಬೊಲಿವಿಯದ ಕಾಡುಬಳ್ಳಿಯ ಬಲ ಹೀಗೆ ಧಾರವಾಡದ ಶೇಂಗಾ ಹೊಲವನ್ನು ಮುಟ್ಟಿತು. ತುಕ್ಕಿನ ನಿರೋಧ ದೊಡ್ಡ ತುಣುಕಾಗಿ ಬಂದುದರಿಂದ ಕೈಗೆ ಸಿಕ್ಕಿತು. ಕಾಂಡಕೊಳೆಯ ಬಲ ಚೂರುಚೂರಾಗಿ ಬರುವುದರಿಂದ ಅದನ್ನು ಹಿಡಿಯಲು ಸೂಕ್ಷ್ಮತರವಾದ ಜರಡಿ ಬೇಕು. ವಂಶಲಿಪಿಯ ಗುರುತುಗಳನ್ನು ನೋಡಿ ಎಳೆಯ ಸಸಿಗಳಲ್ಲೇ ಆಯ್ಕೆ ಮಾಡುವ ಈಚಿನ ವಿಧಾನವೇ ಆ ಜರಡಿ. ಸಾಸಿವೆಯಲ್ಲೂ ಇದೇ ದಾರಿ ಹಿಡಿದು ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾನಿಲಯದವರು ಕಾಡುಸಾಸಿವೆಗಳಿಂದ ಸ್ಕ್ಲೆರೋಟಿನಿಯಾ ನಿರೋಧವನ್ನು ನಾಡಸಾಸಿವೆಗೆ ಸಾಗಿಸಿದ್ದಾರೆ.

ಬಂಧುಗಳಲ್ಲದವರಿಂದಲೂ ಸಾಲ ತರುವ ಉಪಾಯವೊಂದಿದೆ. ಬಾರ್ಲಿಯಲ್ಲಿ ಆಕ್ಸಾಲಿಕ್ ಆಮ್ಲವನ್ನು ಒಡೆದುಹಾಕುವ ಕಿಣ್ವವೊಂದಿದೆ. ಅದರ ವಂಶವಾಹಿಯನ್ನು ಅಮೆರಿಕದ ವರ್ಜೀನಿಯಾದ ವಿಜ್ಞಾನಿಗಳು ನೆಲಗಡಲೆಯಲ್ಲಿ ಕೂಡಿಸಿ, ೨೦೦೫ರಲ್ಲಿ ಫಲಿತಾಂಶ ಪ್ರಕಟಿಸಿದರು: ಆ ಗಿಡದ ಎಲೆಗಳು ಆಮ್ಲವನ್ನೂ ಸ್ಕ್ಲೆರೋಟಿನಿಯಾ ಬಳಗದ ಶಿಲೀಂಧ್ರವನ್ನೂ ಗಮನಾರ್ಹವಾಗಿ ತಡೆದವು. ಶತ್ರುವಿನ ಗುರುತನ್ನು ಹಿಡಿಯದೆ ಅವನ ಆಯುಧವನ್ನೇ ಕಸಿಯುವುದು ಈ ಉಪಾಯದ ಸೊಗಸು. ಇಂತಹ ಬೆಳೆಗಳ ಹಾದಿ ಭಾರತದಲ್ಲಿ ಸುಗಮವಾಗಿಲ್ಲ. ರೋಗನಿರೋಧಕ್ಕಲ್ಲದೆ ಸಂಕರಬೀಜದ ಉತ್ಪತ್ತಿಗಾಗಿ ರೂಪಿಸಿದ ಸಾಸಿವೆಯೊಂದಕ್ಕೆ ೨೦೨೨ರ ಅಕ್ಟೋಬರಿನಲ್ಲಿ ಅನುಮತಿ ದೊರೆತರೂ, ೨೦೨೪ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರು ಆ ಬಗ್ಗೆ ಭಿನ್ನ ತೀರ್ಪುಗಳನ್ನಿತ್ತರು.

೬

ತಳಿಯ ಬಲ ಎಷ್ಟೇ ಇರಲಿ, ಭಾಗಶಃ ನಿರೋಧಕ್ಕೆ ಬೇಸಾಯದ ನೆರವು ಬೇಕೇ ಬೇಕು. ಗುಂಡುಗಳು ಬದುಕುವುದು ಮೇಲ್ಪದರದಲ್ಲಾದುದರಿಂದ ಆಳವಾದ ಉಳುಮೆ ಅವನ್ನು ಹೂಳುತ್ತದೆ. ಜೋಳದಂತಹ ಏಕದಳ ಬೆಳೆಯ ಸರದಿ ಮಣ್ಣಿನಲ್ಲಿ ಅವುಗಳ ಲೆಕ್ಕವನ್ನು ತಗ್ಗಿಸುತ್ತದೆ. ಟ್ರೈಕೊಡರ್ಮ ಎಂಬ ಉಪಕಾರಿ ಶಿಲೀಂಧ್ರ ಅವನ್ನು ಮುತ್ತಿ ಕೊಲ್ಲಬಲ್ಲುದು. ೧೯೫೦ರ ದಶಕದಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಬಾಯ್ಲ್ ಎಂಬ ವಿಜ್ಞಾನಿ, ಎಡೆಕುಂಟೆ ಹೊಡೆಯುವಾಗ ಬುಡಕ್ಕೆ ಮಣ್ಣೇರಿಸದಿರುವುದೇ ಲೇಸೆಂದು ವಾದಿಸಿದನು. ಮಣ್ಣಿನಡಿ ಸಿಕ್ಕಿ ಸತ್ತ ಎಲೆಗಳೇ ಶಿಲೀಂಧ್ರಕ್ಕೆ ಮೊದಲ ತುತ್ತಾಗುತ್ತವೆಂಬುದು ಆತನ ತರ್ಕ. ಕಾಯಿ ಚೆನ್ನಾಗಿ ಇಳಿಯಲೆಂದು ಮಣ್ಣೇರಿಸುವ ರೂಢಿಗೂ ಈ ಸಲಹೆಗೂ ಇರುವ ವಿರೋಧವನ್ನು ಆಯಾ ನೆಲದ ರೈತನೇ ತೂಗಿ ನೋಡಬೇಕಾಗುತ್ತದೆ.

ಕೊನೆಯ ತೊಡಕು ಬೀಜದ್ದು. ನೆಲಗಡಲೆಯ ಒಂದು ಹೆಕ್ಟೇರಿಗೆ ನೂರು ಕಿಲೋಗ್ರಾಮಿನಷ್ಟು ಬಿತ್ತನೆಕಾಳು ಬೇಕು. ಬಿತ್ತಿದ್ದು ಎಂಟುಹತ್ತು ಪಟ್ಟಿಗಿಂತ ಹೆಚ್ಚಾಗಿ ಬೆಳೆಯುವುದು ವಿರಳ. ಹೊಸ ತಳಿಯೊಂದು ಸಾವಿರಾರು ಹಳ್ಳಿಗಳನ್ನು ಮುಟ್ಟಲು ವರ್ಷಗಳೇ ಹಿಡಿಯುತ್ತವೆ. ತನ್ನ ಕಣಜದ ಬೀಜವನ್ನೇ ಬಿತ್ತುವ ರೈತನಿಗೆ ಅದನ್ನು ಮಾರಲು ಖಾಸಗಿ ವ್ಯಾಪಾರಿಗೆ ಉತ್ಸಾಹವೂ ಕಡಮೆ. ೧೯೪೦ರಲ್ಲಿ ತಿಂಡಿವನದಿಂದ ಹೊರಬಂದ ಟಿ.ಎಂ.ವಿ. ೨ ಎಂಬ ತಳಿ, ರೋಗಗಳಿಗೆ ಸುಲಭವಾಗಿ ತುತ್ತಾಗುವುದಾದರೂ, ಆಂಧ್ರ ಕರ್ನಾಟಕಗಳ ಹೊಲಗಳಲ್ಲಿ ಹಲವು ದಶಕಗಳ ಕಾಲ ನಿಂತದ್ದು ಇದರಿಂದಲೇ. ಪ್ರಯೋಗಶಾಲೆಯಲ್ಲಿ ಹನಿಹನಿಯಾಗಿ ಕೂಡಿಸಿದ ಬಲವು ಹೊಲಕ್ಕೆ ಹರಿಯಬೇಕಾದರೆ ಸಾರ್ವಜನಿಕ ಬೀಜೋತ್ಪಾದನೆಯ ಕಾಲುವೆ ಬೇಕು.

ಕಾಂಡಕೊಳೆಯನ್ನು ಒಂದೇ ವಂಶವಾಹಿಯಿಂದ ಗೆಲ್ಲುವ ಆಸೆಯನ್ನು ವಿಜ್ಞಾನ ಬಿಟ್ಟುಕೊಟ್ಟಿದೆ. ಅದರ ಸ್ಥಾನದಲ್ಲಿ ಬಂದಿರುವುದು ನಿಧಾನವಾದ, ಅನೇಕ ಕೈಗಳ, ಅನೇಕ ದೇಶಗಳ ಕೆಲಸ: ಕಾಡುಜಾತಿಗಳನ್ನು ಅಳಿಯದಂತೆ ಕಾಯುವುದು, ಅವುಗಳ ಬೀಜವನ್ನು ಗಡಿಗಳಾಚೆಗೂ ಹಂಚಿಕೊಳ್ಳುವುದು, ಸಣ್ಣ ಗುಣಗಳನ್ನು ತಾಳ್ಮೆಯಿಂದ ಒಂದೆಡೆ ತರುವುದು, ಅವನ್ನು ರೈತನ ಚೀಲಕ್ಕೆ ತಲಪಿಸುವುದು. ಈ ನಾಲ್ಕರಲ್ಲಿ ಯಾವೊಂದು ಕಡಿದರೂ ಉಳಿದ ಮೂರರ ಶ್ರಮ ವ್ಯರ್ಥವಾಗುತ್ತದೆ.